ಸಾವಕಾಶ ಹೊಡದ್ರ ನಡಗತೈತಿ

ಜನವರಿ ೭, ಮಂಗಳವಾರ

ರಾಣೆಬೆನ್ನೂರಿನ ಬೀಜದ ಅಂಗಡಿಯವರು ಪ್ರತಿ ವರ್ಷಾ ಒಂದು ಡೈರಿ ಕೊಡ್ತಾರ. ವರ್ಷಾ ಅದು ಅಡಗಿಮನಿ ಗ್ವಾಡಿ ಮಾಡದಾಗ ಬಿದ್ದಿರತಿತ್ತು. ಈ ಸಲ ನಾ ಇಟಗೊಂಡೇನಿ. ಕಾರಿನ ರೋಗ ಬರದಿಡಬೇಕಾಗೇತಿ. ನನ್ನ ಅಂಗಡಿಗೆ ತಕ್ಕಡಿ ರಿಪೇರಿಗೆ ಬಂದ್ರ ಮೊದಲ ರೋಗ ಏನಂತ ಬರಕೊಂಡ ಆಮ್ಯಾಲೆ ಸ್ಕ್ರೂ ಬಿಚ್ಚತೇನಿ, ಹಂಗ.

ರೋಗ ಇಷ್ಟ. ಇಪ್ಪತ್ತರ ಒಳಗ ಹೊಡದ್ರ ಗಾಡಿ ನಡಗತೈತಿ. ನಿಂತಾಗೂ ನಡಗತೈತಿ. ನಲವತ್ತು ದಾಟಿತಂದ್ರ ಗಪ್ಪ. ಮೋಟೆಬೆನ್ನೂರ ದಾಟಿ ಹೈವೇ ಹತ್ತಿದ ಮ್ಯಾಲೆ ಹಾಲು ಕುಡದ ಕೂಸಿನಂಗ ಸುಮ್ನ ಹೋಗತೈತಿ. ರಸ್ತೆದಾಗ ಉಬ್ಬಿನ ಹಂಪ ಬಂತೋ, ಮತ್ತ ಶುರು. ಬಾಗಿಲದಾಗ ಇಟ್ಟ ನೀರಿನ ಬಾಟ್ಲಿ ಸೈತ ಕುಣೀತೈತಿ.

ಯಾವಾಗಿಂದ ಅಂದ್ರ, ಡಿಸೆಂಬರದಾಗ ಇಲಿ ವೈರ್ ಕಡದಾಗಿಂದ. ಅವತ್ತ ಮುಂಜಾನಿ ಗಾಡಿ ಚಾಲೂನ ಆಗಲಿಲ್ಲ. ನನ್ನ ಹೆಂಡ್ತಿ ಅರುಣಾನ ಅವ್ವಾರನ್ನ ಹಾವೇರಿಗೆ ಡಯಾಲಿಸಿಸ್‌ಗೆ ಕರಕೊಂಡ ಹೋಗೂ ದಿನ ಅದು. ಕಿಡ್ನಿ ಎರಡೂ ಕೈಕೊಟ್ಟಾವ, ಮಂಗಳವಾರ ಶುಕ್ರವಾರ ರಕ್ತ ತೊಳಸಬೇಕು. ಅವತ್ತ ತಪ್ಪಿತು. ಮರುದಿನ ಮೈ ಬಾತು ಉಸರ ಸಿಗವಲ್ಲದಂಗಾತು. ಬಾಜೂ ಮನಿ ಜೈತೂನಬಿ ಗಂಡನ ಟಂಟಂ ಆಟೋದಾಗ ಕುಂಡ್ರಿಸಿಕೊಂಡ ಒಯ್ದಿದ್ವಿ. ಅರುಣಾ ದಾರಿ ತುಂಬ ಅತ್ತಕೋತ ಇದ್ಲು.

ಆಮ್ಯಾಲೆ ಗ್ಯಾರೇಜಿನ ಇಸಾಕಸಾಬ ಬ್ಯಾರೆ ವೈರ್ ಹಾಕಿದ. ನಂದು ಸಂಶೇ ಅಂವನ ಮ್ಯಾಲೆನ. ವೈರ್ ಹಾಕುವಾಗ ಏನೋ ಒಂದು ಬಿಚ್ಚಿ ಹಂಗ ಬಿಟ್ಟಾನ. ಅಂವ ಖಂಡಿತ ಒಪ್ಪೂದಿಲ್ಲ. ಬಾನೆಟ್ ತಗದಿಟ್ರ ಇಲಿ ಬರೂದಿಲ್ಲ ಅಂತನೂ ಅಂವನ ಹೇಳಿದ್ದು. ಅದಕ್ಕ ದಿನಾ ಸಂಜಿಮುಂದ ಅಂಗಳದಾಗ ಗಾಡಿ ಬಾಯಿ ತಕ್ಕೊಂಡ ನಿಂತಿರತೈತಿ. ಹೋಗೂ ಬರೂ ಮಂದಿ, ಏನ್ರೀ ದುರ್ಗೇಶಣ್ಣಾ ಗಾಡಿಗೆ ಜ್ವರಾ ಬಂದೈತೇನು, ಅಂತ ಕೇಳ್ತಾರ.

ಅವ್ವಾರು ಕುಪ್ಪೇಲೂರಿನ ಹಳೇ ಕಾಲದವರು. ಅಳಿಯ ಎದುರಿಗೆ ಬಂದ್ರ ತಲಿ ಮ್ಯಾಲೆ ಸೆರಗು, ಬಾಯಿ ಬಂದ್. ನಮ್ಮ ಮದಿವಿ ಆಗಿ ಇಪ್ಪತ್ತು ವರ್ಷದ ಮ್ಯಾಲಾತು, ನನ್ನ ಕೂಡ ನೆಟ್ಟಗ ಒಂದ ಮಾತ ಆಡಿಲ್ಲ. ಏನಿದ್ರೂ ಅರುಣಾನ ಮುಖಾಂತರ. ಕಾರಿನ್ಯಾಗ ಅರುಣಾ ಇರೂದಿಲ್ಲ, ಆಕಿಗೆ ಸಾಲಿ ನೌಕರಿ ಐತಿ. ಅದಕ್ಕ ಹಿಂದಿನ ಸೀಟಿನ್ಯಾಗ ಕುಂತು ಡ್ಯಾಶ್‌ಬೋರ್ಡ್ ಮ್ಯಾಲಿನ ಗಣಪ್ಪಗ ಹೇಳ್ತಾರ. ಇವತ್ತ, ಗಣಪ್ಪಾ, ಗಾಡಿ ಯಾಕ ನಡಗತೈತಿ ಕೇಳಪಾ, ಅಂದ್ರು. ನನಗೂ ತಿಳಿವಲ್ದಪಾ ಅಂತ ನಾನೂ ಗಣಪ್ಪಗ ಹೇಳಿದ್ನಿ.

ಜನವರಿ ೯, ಗುರುವಾರ

ಇಸಾಕಸಾಬನ ಗ್ಯಾರೇಜಿಗೆ ಹೋಗಿ ಜಗಳಾ ಆಡಿದ್ನಿ. ಅಂವ ಜಗಳಾ ಆಡೂ ಮನಶ್ಯಾ ಅಲ್ಲ, ಅದಕ್ಕ ನಂಗ ಇನ್ನೂ ಸಿಟ್ಟ ಬರತೈತಿ. ಚಹಾ ತರಿಸಿದ. ಪ್ಲಗ್ ತಗದು ತೊಳದ. ಇಂಜಿನ್ ಕುಂಡ್ರೂ ರಬ್ಬರ್ ಅಲ್ಲಾಡಿಸಿ ನೋಡಿ, ಗಟ್ಟಿ ಅದಾವ ಅಂದ. ಗೇರ್ ಹಾಕಿ ಬಿಟ್ಟ, ಕ್ಲಚ್ ಒತ್ತಿ ಬಿಟ್ಟ. ಎಲ್ಲಾ ಮಾಡಿ, ಗಾಡಿ ಹಳೇದಾಗೇತಿ ದುರ್ಗೇಶಣ್ಣಾ, ನಿನಗೂ ವಯಸ್ಸಾದ ಮ್ಯಾಲೆ ನಡಗತೈತಿ ಅಂದ. ಒಂದ ಗ್ರಾಂ ಹೆಚ್ಚುಕಮ್ಮಿ ಆದ್ರ ತಕ್ಕಡಿ ಯಾವ ಮೂಲ್ಯಾಗ ಸುಳ್ಳ ಹೇಳತೈತಿ ಅಂತ ಕಂಡ ಹಿಡ್ಯಾಂವ ನಾನು. ನನ್ನ ಮುಂದ ವಯಸ್ಸಿನ ಮಾತ ಆಡ್ತಾನ.

ಮನಿಗೆ ಬಂದ್ರ ಅರುಣಾಂದು ಬ್ಯಾರೆ ರಗಳಿ. ಅವ್ವನ ತಪಕೀರ ಡಬ್ಬಿ ಕಳದ ತಿಂಗಳಾತು, ಹೊಸಾದು ತರ್ರಿ ಅಂದ್ರ ತರವಲ್ರಿ ಅಂತ. ಹಲ್ಲಿಗೆ ಆ ತಂಬಾಕಿನ ಪುಡಿ ತಿಕ್ಕೂ ಚಟಾ, ಊಟಾ ಬಿಟ್ರೂ ಅದನ್ನ ಬಿಡೂದಿಲ್ಲ. ಈಗ ಕಾಗದದಾಗ ಕಟಗೊಂಡ ಸೊಂಟಕ್ಕ ಸಿಗಸ್ಯಾರಂತ. ಡಬ್ಬಿ ಏನ ಕಾಲ ಬಂದ ಹೋತೇನು, ಹುಡಿಕ್ಯಾಡ್ರಿ ಅಂದ್ನಿ.

ಜನವರಿ ೧೦, ಶುಕ್ರವಾರ

ಇವತ್ತ ಹಾವೇರಿಯಿಂದ ಬಂದ ಮ್ಯಾಲೆ ಅವ್ವಾರು ಅರುಣಾನ ಮುಂದ ಒಂದ ಮಾತ ಹೇಳ್ಯಾರ. ಈ ಗಾಡಿ ಯಾವತ್ತ ನಿಲ್ಲತೈತಿ ಅವತ್ತ ನಾನೂ ನಿಂತಂಗ. ಇನ್ನೊಬ್ಬರ ಗಾಡಿ ತರಿಸಬಾರದು, ಬಸ್ಸಿಗೆ ಹತ್ತಿಸಬಾರದು. ಅಷ್ಟ.

ಅರುಣಾ ರೊಟ್ಟಿ ಬಡಕೋತ ಇದನ್ನ ಹೇಳಿದ್ಲು. ನನಗ ರೇಗಿತು. ನಾ ಇಲ್ಲೆ ಅಂಗಡಿ ಮುಚ್ಚಿ, ಮೆಣಸಿನಕಾಯಿ ಸೀಸನ್ನಿನ್ಯಾಗ, ವಾರಕ್ಕ ಎರಡ ದಿನಾ ಡ್ರೈವರಕಿ ಮಾಡೂದು. ಅವರು ಗಾಡಿ ಯಾವಾಗ ಸಾಯತೈತಿ ಅಂತ ಕಾಯೂದು. ಬಾಯಿಗೆ ಬಂದದ್ದ ಅಂದ್ನಿ. ಒಳಗ ಅವರಿಗೆ ಕೇಳಿಸಿರಬೇಕು, ನಮ್ಮ ಮನಿ ಏನ ದೊಡ್ಡ ಅರಮನಿ ಅಲ್ಲ.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಹಬ್ಬ ಇದ್ರೂ ಹಾವೇರಿ ಇದ್ದದ್ದ. ಮಷೀನಿಗೆ ಹಬ್ಬ ಇರೂದಿಲ್ಲ.

ಸಂಜಿಕೆ ಮನ್ಯಾಗ ರಂಪಾಟ. ಹಾಸಿಗಿ ಝಾಡಿಸುವಾಗ ಅವ್ವಾರ ತಲಿದಿಂಬಿನ ಕೆಳಗ ಖಾರಪುಡಿ ಪೊಟ್ಟಣ ಸಿಕ್ಕತು. ನಮ್ಮ ಬ್ಯಾಡಗಿ ಕಾಯಿದಲ್ಲ, ಮೂಗಿಗೆ ಹಿಡದ್ರ ಕಣ್ಣಾಗ ನೀರ ಬರೂವಂಥಾ ಗುಂಟೂರ ಕಾಯಿದು. ಉಪ್ಪು ಬ್ಯಾಡ, ಉಪ್ಪಿನಕಾಯಿ ಬ್ಯಾಡ, ನೀರ ಸೈತ ಅಳದ ಕುಡೀರಿ ಅಂತ ಡಾಕ್ಟರ್ ಹೇಳಿ ಹೇಳಿ ದಣದಾರ. ಇಲ್ಲೆ ನೋಡಿದ್ರ ಕದ್ದ ಖಾರ ಹಚಗೊಂಡ ತಿನ್ನೂ ವ್ಯವಹಾರ. ನಾನು ಬಾಗಿಲದ ಹೊರಗ ನಿಂತ ಒದರಿದ್ನಿ. ಖಾರ ತಿಂದು ನೀರಡಿಸಿ ನೀರ ಕುಡದು ಮತ್ತ ಮೈ ಬಾತರ ಯಾರ ಹೊಣಿ ಅಂತ. ಅವ್ವಾರು ತಲಿ ತಗ್ಗಿಸಿ ಕುಂತಿದ್ರು. ತಿಂದಿಲ್ಲ ಅಂತನೂ ಅನಲಿಲ್ಲ, ತಿಂದೇನಿ ಅಂತನೂ ಅನಲಿಲ್ಲ. ಪೊಟ್ಟಣ ತಗೊಂಡು ಅಟ್ಟದ ಮ್ಯಾಲೆ ಒಗದ್ನಿ.

ಜನವರಿ ೧೭, ಶುಕ್ರವಾರ

ಹೋಗಿ ಬಂದ್ವಿ. ಇವತ್ತ ಗಣಪ್ಪನ ಕೂಡಾನೂ ಮಾತಿಲ್ಲ. ಇಪ್ಪತ್ತರ ಒಳಗ ನಡಗೂದು ಇದ್ದಂಗ ಐತಿ.

ಜನವರಿ ೧೮, ಶನಿವಾರ

ರಾಣೆಬೆನ್ನೂರಿಗೆ ಹೋಗಿದ್ನಿ. ಹಲಗೇರಿ ರಸ್ತೆಕ್ಕ ಒಂದು ದೊಡ್ಡ ಗ್ಯಾರೇಜ್ ಐತಿ, ಎಲ್ಲಾ ಕಂಪ್ಯೂಟರ್. ಗಾಲಿ ತಗದು ತಿರುಗಿಸಿ ನೋಡಿದ್ರು, ಸರಿ ಅದಾವ. ಕಂಪ್ಯೂಟರ್ ಸಿಗಸಿದ್ರು, ಅದೂ ಏನೂ ತಪ್ಪಿಲ್ಲ ಅಂತು. ಕಡೀಕೆ, ಇಂಜಿನ್ ಇಳಿಸಿ ನೋಡಬೇಕ್ರೀ, ಎಂಟ ದಿನಾ ಗಾಡಿ ಬಿಟ್ಟ ಹೋಗ್ರಿ ಅಂದ್ರು.

ಎಂಟ ದಿನಾ ಅಂದ್ರ ಎರಡು ಸಲ ತಪ್ಪತೈತಿ. ಒಂದ ಸಲ ತಪ್ಪಿದ್ದಕ್ಕ ಏನಾತಂತ ನೋಡೇವಿ. ಬ್ಯಾರೆ ಗಾಡಿಗೆ ಅತ್ತಿಯಾರು ಹತ್ತೂದಿಲ್ಲ, ಅದು ಹಟಾ ಅಲ್ಲ, ಆಣಿ ಮಾಡಿದಂಗ ಆಗೇತಿ. ಇಲ್ರೀ, ಹಂಗ ಒಯ್ತೇನಿ ಅಂತ ಹೇಳಿ ಬಂದ್ನಿ. ಬರುವಾಗ ನಲವತ್ತರ ಕೆಳಗ ಇಳಿಸಲಿಲ್ಲ.

ಜನವರಿ ೨೧, ಮಂಗಳವಾರ

ಇವತ್ತ ಒಂದು ಉಪಾಯ ಮಾಡಿದ್ನಿ. ಹೊಡ್ಯಾಂವಗ ಸ್ಟೇರಿಂಗ್ ಬಿಟ್ಟು ಕೈಯಿಟ್ಟ ನೋಡಾಕ ಬರೂದಿಲ್ಲ. ಇನ್ನೊಬ್ಬರ ಕೈ ಬೇಕು. ಗಾಡ್ಯಾಗ ಇನ್ನೊಬ್ಬರು ಅಂದ್ರ ಯಾರದಾರ? ಅದಕ್ಕ ಹೊಂಡುವಾಗ ಅರುಣಾನ ಕಡಿಂದ ಹೇಳಿಸಿದ್ನಿ, ಇವತ್ತ ಮುಂದ ಕುಂಡ್ರಬೇಕು ಅಂತ. ಅತ್ತಿಯಾರು ಒಂದಿಷ್ಟು ಒಲ್ಲೆ ಅಂದು, ಸೆರಗ ಕಣ್ಣಿನ ಮಟಾ ಎಳಕೊಂಡು, ಬಾಗಿಲಕ್ಕ ಅಂಟಿಕೊಂಡ ಕುಂತ್ರು. ಮದಿವಿ ಮನ್ಯಾಗ ಹೊಸಾ ಸೊಸಿ ಕುಂತಂಗ.

ಮೋಟೆಬೆನ್ನೂರ ಸಮೀಪ ರಸ್ತೆ ಹಂಪಿನ ಮ್ಯಾಲೆ ಬಂದಾಗ, ಗಣಪ್ಪಾ, ಅವರಿಗೆ ಬಾಗಲಾ ಮುಟ್ಟಿ ನೋಡಾಕ ಹೇಳಪಾ ಅಂದ್ನಿ. ಮುಟ್ಟಿದ್ರು. ಆಮ್ಯಾಲೆ ಕಾಲಗಡೆ, ಆಮ್ಯಾಲೆ ಮುಂದಿನ ಡ್ಯಾಶ್‌ಬೋರ್ಡ್. ನಾ ಗೇರ್ ತಗದು ನಿಲ್ಲಿಸಿದ್ನಿ, ಮತ್ತ ಸಾವಕಾಶ ಬಿಟ್ನಿ, ಮತ್ತ ನಿಲ್ಲಿಸಿದ್ನಿ. ಹಿಂದಿನ ಲಾರಿಯಾಂವ ಹಾರ್ನ್ ಬಡದ ಬಡದ ಬೈಕೋತ ಹೋದ. ಅತ್ತಿಯಾರಿಗೆ ನಗಿ ಬಂತು. ಸೆರಗಿನ ಒಳಗ ನಕ್ಕರೂ ಹೆಗಲ ಕುಣಿಯೂದು ಕಾಣತೈತಿ.

ಹಾವೇರಿ ಊರೊಳಗ ಹೊಕ್ಕ ಮ್ಯಾಲೆ, ಗಣಪ್ಪನ ಹೆಸರ ತಗೀಲಾರದ, ಎಡಗಡೇನ ಜಾಸ್ತಿ ಐತ್ರಿ, ಅಂದ್ರು. ನನಗ. ನೆಟ್ಟಗ.

ಎಡಗಡೆ ಜಾಸ್ತಿ. ಇದು ಕಂಪ್ಯೂಟರ್ ಹೇಳಿದ್ದಲ್ಲ. ಬರದ ಇಟಗೊಂಡೇನಿ.

ಜನವರಿ ೨೪, ಶುಕ್ರವಾರ

ಮುಂದಿನ ಸೀಟಿನ್ಯಾಗನ ಕುಂತ್ರು, ಯಾರೂ ಹೇಳಿರಲಿಲ್ಲ. ದಾರಿ ತುಂಬ ಕುಪ್ಪೇಲೂರಿನ ಮಾತು. ಅರುಣಾ ಸಣ್ಣಾಕಿ ಇದ್ದಾಗ ಬಸ್ಸಿನ ಕಿಟಕಿಯಾಗಿಂದ ಚಪ್ಪಲಿ ಒಗದಿದ್ಲಂತ, ಮಾವನವರು ಅದನ್ನ ಹುಡಕಾಕ ಹಲಗೇರಿ ಮಟಾ ನಡಕೊಂಡ ಹೋಗಿದ್ರಂತ. ಅರುಣಾ ನನಗ ಇದನ್ನ ಎಂದೂ ಹೇಳಿಲ್ಲ. ಸಂಜಿಕೆ ಕೇಳಿದ್ರ, ಅವ್ವ ನಿಮಗ ಹೇಳಿದ್ಲಾ ಅಂತ ಬಾಯಿ ತಗದ ನಿಂತ್ಲು.

ಮಷೀನಿನ ಮ್ಯಾಲೆ ಇದ್ದಾಗ ಬಿಪಿ ಇಳದಿತ್ತು. ನರ್ಸ್ ಕಾಲ ಎತ್ತಿ ಹಿಡದ್ಲು. ನಾ ಹೊರಗ ಬೆಂಚಿನ ಮ್ಯಾಲೆ ಕುಂತಾಂವ ಎದ್ದ ಒಳಗ ಹೋಗಿ ನಿಂತ್ನಿ. ಹೊರಗ ಹೋಗ್ರಿ ಅಂದ್ರೂ ಹೋಗಲಿಲ್ಲ.

ಎಡಗಡೆ ಬ್ರೇಕ್ ನೋಡಸಬೇಕು.

ಜನವರಿ ೨೮, ಮಂಗಳವಾರ

ಬ್ರೇಕ್ ಸರಿ ಐತಿ. ಎಡಗಡೆ ಗಾಲಿ ಸರಿ ಐತಿ. ಇನ್ನ ಏನ ನೋಡೂದು ತಿಳಿವಲ್ದು.

ಇವತ್ತ ವಾಪಸ್ ಬರುವಾಗ ಅತ್ತಿ ಭಾಳ ಸುಸ್ತಾಗಿದ್ಲು. ಬ್ಯಾಡಗಿ ಸಮೀಪ ಬರೂದಕ್ಕ, ಮೆಣಸಿನಕಾಯಿ ಚೀಲದ ಲಾರಿ ಸಾಲಾಗಿ ನಿಂತಿದ್ವು. ಇಂಚು ಇಂಚು ಹೋಗೂದು, ಗಾಡಿ ನಡಗೂದು. ಸೀಟಿಗೆ ತಲಿ ಆನಿಸಿ ಕಣ್ಣ ಮುಚಗೊಂಡ, "ಸಾಕಾಗೇತ್ರಿ. ಈ ಗಾಡಿ ಒಂದ ದಿನಾ ಪೂರ್ತಿ ನಿಂತ ಬಿಟ್ರ ಚಲೋ" ಅಂದ್ಲು.

ನನಗ ಹೆದರಿಕಿ ಬಂತು. ಖರೇ ಹೇಳಬೇಕಂದ್ರ ಭಾಳ ಹೆದರಿಕಿ ಬಂತು.

ಅರುಣಾಗ ಹೇಳಿದ್ನಿ, ಹೇಳಬಾರದಿತ್ತೇನೋ. ಆಕಿ, ಅವ್ವ ಒಲ್ಲೆ ಅನ್ನೂದನ್ನ ನಾವು ಎಷ್ಟಂತ ಕೇಳಿಸಿಕೊಳ್ಳಲಾರದಂಗ ಇರೂದು ಅಂದ್ಲು. ಆಕಿ ಜೀವ, ಆಕಿ ಮೈ. ವಾರಕ್ಕ ಎರಡ ಸಲ ಸೂಜಿ ಚುಚ್ಚಿಸಿಕೊಳ್ಳಾಕಿ ಆಕಿ. ಸಾಕು ಅಂದ್ರ ಸಾಕು. ರವಿವಾರ ಮೂವರೂ ಮನ್ಯಾಗ ಇರ್ತೇವಿ, ಊಟಾ ಆದ ಮ್ಯಾಲೆ ನಾನ ಬಾಯಿಬಿಟ್ಟ ಕೇಳ್ತೇನಿ, ಡಯಾಲಿಸಿಸ್ ಬಿಡೂಣೇನವ್ವಾ ಅಂತ. ಹೂಂ ಅಂದ್ರ ಡಾಕ್ಟರ್‌ಗೆ ಹೇಳೂಣು, ಅಂದ್ಲು ಅರುಣಾ.

ಆಕಿ ಹೇಳೂದ್ರಾಗ ತಪ್ಪಿಲ್ಲ.

ಜನವರಿ ೩೧, ಶುಕ್ರವಾರ

ಹೋಗಿ ಬಂದ್ವಿ. ಇದ ಕಡೀದೇನೋ ಅಂತ ಅನಿಸಿ ಎಲ್ಲಾ ಕಡೆ ಸಾವಕಾಶ ಹೊಡದ್ನಿ. ನಡಗಿದ್ರ ನಡಗಲಿ.

ಫೆಬ್ರವರಿ ೨, ರವಿವಾರ

ಇವತ್ತಿಂದು ಎಲ್ಲಾ ಬರೀತೇನಿ.

ಅರುಣಾ ಅಡಗಿ ಮಾಡಾಕತ್ತಿದ್ಲು. ಊಟಾ ಆದ ಮ್ಯಾಲೆ ಕೇಳಾಕಿ. ನನಗ ಮನ್ಯಾಗ ಕುಂಡ್ರಾಕ ಆಗವಲ್ದು. ಅಂಗಳಕ್ಕ ಬಂದು ಸುಮ್ನ ಬಾನೆಟ್ ಎತ್ತಿ ಗಾಡಿ ಚಾಲೂ ಮಾಡಿ ನಿಂತ್ನಿ. ಕೈಗೆ ಏನರ ಕೆಲಸ ಬೇಕಾಗಿತ್ತು. ಎಡಗಡೆ ಅನ್ನೂದೊಂದ ತಲ್ಯಾಗ ಇತ್ತು. ತಕ್ಕಡಿ ಸುಳ್ಳ ಹೇಳಿದ್ರ ನಾ ಮೊದಲ ಏನ ನೋಡತೇನಿ? ತಟ್ಟಿ ಕೆಳಗ ಏನರ ಸಿಕ್ಕೊಂಡೈತೇನು ಅಂತ ನೋಡತೇನಿ. ಸಣ್ಣ ಕಲ್ಲು, ಮೆಣಸಿನಕಾಯಿ ತೊಟ್ಟು, ಅಷ್ಟ ಸಾಕು. ಕಾರಿಗೆ ಯಾಕ ಇದನ್ನ ಮಾಡಿಲ್ಲ ನಾನು, ಇಷ್ಟ ದಿನಾ?

ಬ್ಯಾಟರಿ ಕೆಳಗ ಕೈ ಹಾಕಿದ್ನಿ. ನನ್ನ ಕೈ ದಪ್ಪ, ಮುಂಗೈ ಕೆತ್ತಿತು. ಅಲ್ಲೆ ಇಂಜಿನ್ನಿಗೂ ಬಾಡಿ ತಗಡಿಗೂ ನಡುವ ಒಂದ ಸಂದಿ. ಸಂದ್ಯಾಗ ದುಂಡನ್ನ ಒಂದು ಸಾಮಾನು, ಬಟ್ಟಿ ಸುತ್ತಿ, ಬಿಗದ ಕೂಡಿಸಿದ್ದು. ಮ್ಯಾಲಿಂದ ನೋಡಿದ್ರ ಕರೀ ಧೂಳದಾಗ ಅದೂ ಗಾಡೀದ ಒಂದು ಭಾಗ ಅಂತನ ಅನಸತೈತಿ. ಎಳದ್ನಿ. ಬರವಲ್ದು. ತಿರುವಿ ಎಳದ್ನಿ. ಬಂತು.

ಬಂದದ್ದ ತಡಾ, ಗಾಡಿ ಗಪ್ಪಾತು. ನಡುಕ ಇಲ್ಲ. ಇಂಜಿನ್ ಸಾವಕಾಶ ತಿರುಗುವಾಗ ಜಾಸ್ತಿ ಅಲ್ಲಾಡತೈತಿ. ಆ ಅಲುಗಾಟ ರಬ್ಬರಿನ್ಯಾಗ ಸಾಯಬೇಕು. ಇದು ನಡುವ ಬಿಗದ ಕುಂತು ಎಲ್ಲಾ ನಡುಕಾ ಬಾಡಿಗೆ ದಾಟಿಸಾಕತ್ತಿತ್ತು. ಇಷ್ಟ.

ಕೈಯಾಗ ನೋಡಿದ್ರ ಹಸರ ಸೀರಿ ತುಂಡು. ಅತ್ತಿ ಹಾವೇರಿಗೆ ಹೋಗುವಾಗ ಉಡೂ ಹಳೇ ಸೀರಿ ಅಂಚಿಂದು. ಬಿಚ್ಚಿದ್ನಿ. ಒಳಗ ತಪಕೀರ ಡಬ್ಬಿ. ಮುಚ್ಚಳಕ್ಕ ಮೊಳಿಲೆ ತೂತು ಹೊಡದಾರ. ಒಳಗ ಖಾರಪುಡಿ. ಮೂಗಿನ ಸಮೀಪ ತಂದ್ನಿ, ಸೀನ ಮ್ಯಾಲೆ ಸೀನ ಬಂದ್ವು. ಕೆಂಪಗ ಹೊಳೀತಿತ್ತು, ಹಳೇದಲ್ಲ.

ಸೀನು ಕೇಳಿ ಕಟ್ಟಿ ಆ ಕಡೆಯಿಂದ ಜೈತೂನಬಿ ಇಣುಕಿದ್ಲು. ಆಕಿ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ ತೊಟ್ಟು ಬಿಡಸಾಕಿ. ನನ್ನ ಕೈಯಾಗ ಡಬ್ಬಿ ನೋಡಿ, ಅಯ್ಯ, ಸಿಕ್ಕತೇನು, ನಿಮ್ಮತ್ತಿ ಮಂಗಳವ್ವ ಯಾರಿಗೂ ಹೇಳಬ್ಯಾಡ ಅಂದಿದ್ಲು ಅಂದ್ಲು. ಆಮ್ಯಾಲೆ ತಾನ ಎಲ್ಲಾ ಹೇಳಿದ್ಲು. ಇಲಿ ವೈರ್ ಕಡದ ಮ್ಯಾಲೆ ಮಂಗಳವ್ವ ಬಂದು, ಖಾರ ಇಟ್ರ ಇಲಿ ಬರೂದಿಲ್ಲಲ್ಲಾ ಅಂತ ಕೇಳಿದ್ಲಂತ. ನಮ್ಮ ಬ್ಯಾಡಗಿ ಕಾಯಿ ನೋಡಾಕ ಕೆಂಪ, ಇಲಿ ಅದನ್ನ ತಿಂದು ಹಬ್ಬಾ ಮಾಡತಾವು, ಗುಂಟೂರಿಂದ ಬೇಕು ಅಂತ ಜೈತೂನಬಿನ ಹೇಳಿ ಕೊಟ್ಟಿದ್ಲಂತ. ಸಂಜಿಮುಂದ ಬಾನೆಟ್ ತಗದಿರತೈತಿ, ಅಂಗಳದಾಗ ಯಾರೂ ಇರೂದಿಲ್ಲ. ಹಂಗ ಇಟ್ರ ಡಬ್ಬಿ ಬಿದ್ದೀತು ಅಂತ ಬಿಗದ ಕೂಡಿಸಿ ಬರತಿದ್ಲಂತ.

ನಾ ಒಂದ ಕೇಳಿದ್ನಿ. ಕಡೀಕೆ ಯಾವಾಗ ಪುಡಿ ಒಯ್ದ್ಲು ಅಂತ.

"ಮೊನ್ನೆ ಗುರುವಾರ" ಅಂದ್ಲು ಜೈತೂನಬಿ. "ಖಾರ ಹಾರಿಹೋಗೇತಿ, ಇಲಿ ಬಂದ್ರ ಗಾಡಿ ನಿಲ್ಲತೈತಿ, ಲಗೂ ಕೊಡು ಅಂತ ಬಂದಿದ್ಲು."

ಮಂಗಳವಾರ ಗಾಡಿ ನಿಂತರ ಚಲೋ ಅಂದಾಕಿ, ಗುರುವಾರ ಗಾಡಿ ನಿಲ್ಲಬಾರದು ಅಂತ ಖಾರ ತುಂಬ್ಯಾಳ.

ನಾ ಅಂಗಳದಾಗ ಕಲ್ಲಿನ ಮ್ಯಾಲೆ ಕುಂತ ಬಿಟ್ನಿ. ಕಣ್ಣಾಗ ನೀರ ಬಂತು. ಖಾರದ್ದು ಅಂತ ಜೈತೂನಬಿಗೆ ಹೇಳಿದ್ನಿ. ಸಂಕ್ರಾಂತಿ ದಿನಾ ಅಷ್ಟ ಒದರಿದಾಗ, ಇದು ತಿನ್ನಾಕಲ್ಲ, ಗಾಡಿಗೆ ಅಂತ ಒಂದ ಮಾತ ಹೇಳಬಹುದಿತ್ತಲ್ಲ. ಹೇಳಿದ್ರ ಬದುಕೂ ಆಸೆ ಐತಿ ಅಂತ ಅಳಿಯನ ಮುಂದ ಹೇಳಿದಂಗ ಆಕ್ಕಿತ್ತು. ಅದಕ್ಕ ಬೈಸಿಕೊಂಡ ಕುಂತ್ಲು.

ಒಳಗ ತಾಟ ಎತ್ತೂ ಸಪ್ಪಳಾ ಕೇಳಿಸಿತು. ಎದ್ದ ಓಡಿದ್ನಿ. ಅರುಣಾ ಅವ್ವನ ಮುಂದ ಕುಂತು, ಸೆರಗಿಲೆ ಕೈ ಒರಸ್ಕೋತ, ಅವ್ವಾ ಒಂದ ಮಾತು, ಅಂತ ಚಾಲೂ ಮಾಡಿದ್ಲು. ನಾ ಅಡಗಿಮನಿಯಿಂದ ಆಕಿನ್ನ ಕರದ್ನಿ. ಬರವಲ್ಲಳು. ಮತ್ತ ಕರದ್ನಿ, ಹಾಲ ಉಕ್ಕಾಕತ್ತೈತಿ ಅಂತ ಸುಳ್ಳ ಹೇಳಿ. ಬಂದ್ಲು. ಡಬ್ಬಿ ಕೈಯಾಗ ಇಟ್ಟು, "ಕೇಳಬ್ಯಾಡ. ಅವ್ವ ಮೊದಲ ಹೇಳ್ಯಾಳ" ಅಂದ್ನಿ.

ಎಲ್ಲಾ ಹೇಳಿದ ಮ್ಯಾಲೆ ಅರುಣಾ ಡಬ್ಬಿ ಎದಿಗೆ ಹಿಡಕೊಂಡ ಅತ್ಲು, ನಡುವ ಸೀನಿದ್ಲು, ಸೀನಿ ನಕ್ಲು. ಒಳಗಿಂದ ಅವ್ವ, ಯಾಕ, ಏನಾತು ಅಂತ ಕೇಳಿದ್ಲು. ಏನಿಲ್ಲವ್ವಾ, ಒಗ್ಗರಣಿ ಘಾಟು ಅಂದ್ವಿ.

ಡಬ್ಬಿ ಒರಸಿ, ಅದ ಹಸರ ಬಟ್ಟಿ ಸುತ್ತಿ, ಅದ ಜಾಗಾದಾಗ ಇಟ್ಟೇನಿ. ಆದ್ರ ಬ್ಯಾಟರಿ ಪಟ್ಟಿಗೆ ತಂತಿಲೆ ಕಟ್ಟೇನಿ, ಇಂಜಿನ್ನಿಗೆ ತಾಗೂದಿಲ್ಲ.

ಸಂಜಿಕೆ ಇಸಾಕಸಾಬನ ಗ್ಯಾರೇಜಿಗೆ ಹೋಗಿ ಚಹಾ ಕುಡಿಸಿ ಬಂದ್ನಿ. ಇವತ್ತ ಯಾಕ ಜಗಳಾ ಇಲ್ಲ ಅಂತ ಅಂವಗ ಸಂಶೇ.

ಫೆಬ್ರವರಿ ೪, ಮಂಗಳವಾರ

ಮೋಟೆಬೆನ್ನೂರ ಹಂಪಿನ ಮ್ಯಾಲೆ ಅವ್ವ ಬಾಗಿಲಕ್ಕ ಕೈಯಿಟ್ಟು ನೋಡಿದ್ಲು. ಬಾಟ್ಲಿ ನೋಡಿದ್ಲು. ನಡುಕ ನಿಂತೈತಲ್ಲಾ, ಏನಾಗಿತ್ತು ಅಂದ್ಲು. ಒಂದು ನಟ್ ಸಡಲಾಗಿತ್ತು, ಬಿಗದೇನಿ ಅಂದ್ನಿ. ಹೈವೇ ಹತ್ತಿದ ಮ್ಯಾಲೆ ಕಿಟಕಿ ಕಡೆ ನೋಡ್ಕೋತ ಕೇಳಿದ್ಲು.

"ಒಳಗ ಇಲಿ ಏನರ ಬಂದಿದ್ವೇನು?"

"ಒಂದೂ ಇಲ್ಲ. ಬರೂದೂ ಇಲ್ಲ" ಅಂದ್ನಿ.

ಹಾವೇರಿ ಬರೂ ತನಕ ನಿದ್ದಿ ಮಾಡಿದ್ಲು. ಸೆರಗ ಜಾರಿ ಹೆಗಲ ಮ್ಯಾಲೆ ಬಿದ್ದಿತ್ತು. ಎಲ್ಲಾ ಬೆಳ್ಳಗ ಕೂದಲಾ. ಇಷ್ಟ ವರ್ಷದಾಗ ಮೊದಲನೇ ಸಲ ನೋಡಿದ್ನಿ.

ಫೆಬ್ರವರಿ ೬, ಗುರುವಾರ

ಅಟ್ಟದ ಮ್ಯಾಲಿನ ಪೊಟ್ಟಣ ಹುಡುಕಿ ತಗದ್ನಿ, ಹಳೇದಾಗೇತಿ. ಪ್ಯಾಟ್ಯಾಗಿಂದ ಹೊಸಾ ಗುಂಟೂರ ಖಾರಪುಡಿ ತಂದು, ಅವ್ವ ಹೊರಗ ಬಿಸಲಿಗೆ ಕುಂತಾಗ ತಲಿದಿಂಬಿನ ಕೆಳಗ ಇಟ್ಟೇನಿ. ಒಂದು ಹೊಸಾ ತಪಕೀರ ಡಬ್ಬೀನೂ ಇಟ್ಟೇನಿ. ಬಾನೆಟ್ ಎತ್ತಿಟ್ಟು ಅಂಗಡಿಗೆ ಹೋದ್ನಿ.

ಫೆಬ್ರವರಿ ೭, ಶುಕ್ರವಾರ

ಮುಂಜಾನೆದ್ದು ಕಾರಿನ ಚಾವಿ ಸಿಗವಲ್ದು. ಮಾಡದಾಗ ಇಲ್ಲ, ಅಂಗಿ ಕಿಸೇದಾಗ ಇಲ್ಲ, ಅರುಣಾನ ಮ್ಯಾಲೆ ಒದರಾಕ ಬಾಯಿ ತಗದಿದ್ನಿ. ಅಷ್ಟೊತ್ತಿಗೆ ಅಂಗಳದಾಗ ಹಾರ್ನ್ ಆತು. ಒಂದ ಸಲ ಅಲ್ಲ, ಬಿಡಲಾರದ ಆತು.

ಹೊರಗ ಬಂದು ನೋಡಿದ್ರ ಅವ್ವ ಹಸರ ಸೀರಿ ಉಟಗೊಂಡು, ಚಾವಿ ತೊಡಿ ಮ್ಯಾಲೆ ಇಟಗೊಂಡು, ಮುಂದಿನ ಸೀಟಿನಿಂದ ಬಗ್ಗಿ ನನ್ನ ಸ್ಟೇರಿಂಗ್ ಒತ್ತಾಕತ್ತಿದ್ಲು.

"ಲಗೂ ಬಾರಪಾ, ಹೊತ್ತಾತು" ಅಂದ್ಲು.